ಮುಳುಗಿದ ಕಲ್ಲನ್ನೂ ನೀರು ಎತ್ತುತ್ತಿರುತ್ತದೆ

ಡಿಸೆಂಬರ್ ಬಂತೆಂದರೆ ಆಲ್ದೂರಿನ ಸುತ್ತಮುತ್ತ ಯಾರ ಮನೆಯಲ್ಲಿ ಯಾವ ಮಾತು ಆರಂಭವಾದರೂ ಅದು ಕೊನೆಗೆ ಬಂದು ನಿಲ್ಲುವುದು ಕಾಫಿ ಕುಯ್ಲಿನಲ್ಲಿ. ಆಳುಗಳು ಸಿಗುತ್ತಿಲ್ಲ, ಮೋಡ ಬಿಡುತ್ತಿಲ್ಲ, ಕಣದಲ್ಲಿ ಹರವಿದ್ದು ಒಣಗುತ್ತಿಲ್ಲ ಎಂಬ ದೂರುಗಳ ನಡುವೆ ಮಕ್ಕಳ ಭಾನುವಾರ ಹೇಗೆ ಕಳೆಯಿತೆಂದು ಕೇಳುವವರು ಇರುವುದಿಲ್ಲ. ಅಂಥ ಒಂದು ಭಾನುವಾರ ಬೆಳಿಗ್ಗೆ ನಮ್ಮ ಕೇರಿಯ ಮತ್ತು ತೋಟದ ಲೈನಿನ, ಅಂದರೆ ಆಳುಗಳ ಸಾಲುಮನೆಗಳ, ಒಂಬತ್ತು ಮಕ್ಕಳು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ನಮ್ಮ ಪಲ್ಪರ್ ಮನೆಯ ತೊಟ್ಟಿಯ ಸುತ್ತ ನಿಂತಿದ್ದರು. ನಾನು ಒಂದು ಬುಟ್ಟಿ ಅರೇಬಿಕಾ ಹಣ್ಣನ್ನು ನೀರಿಗೆ ಸುರಿದೆ. ಕೆಂಪು ಹಣ್ಣುಗಳು ತಳ ಸೇರಿದವು. ಒಂದೆರಡು ಬೊಗಸೆಯಷ್ಟು ಮಾತ್ರ ಮೇಲೆಯೇ ಉಳಿದು, ಗಾಳಿಗೆ ಸರಿಯುತ್ತ ಸರಿಯುತ್ತ ತೊಟ್ಟಿಯ ಒಂದು ಮೂಲೆಯಲ್ಲಿ ಗುಂಪುಗೂಡಿದವು.

ಇದು ಇಲ್ಲಿನ ಮಕ್ಕಳಿಗೆ ಹೊಸದೇನೂ ಅಲ್ಲ. ತೇಲಿದ್ದನ್ನು ಬಾಚಿ ತೆಗೆದು ಬೇರೆಯಾಗಿ ಒಣಗಿಸುತ್ತಾರೆಂಬುದೂ ಅದಕ್ಕೆ ಬೆಲೆ ಕಡಿಮೆಯೆಂಬುದೂ ಅವರಿಗೆ ಗೊತ್ತಿದೆ. ಆದರೂ ಯಾಕೆ ತೇಲುತ್ತವೆ ಎಂದು ಕೇಳಿದೆ. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ತಡಮಾಡದೆ, "ಭಾರ ಇರೋದು ಮುಳುಗ್ತವೆ, ಹಗುರ ಇರೋದು ತೇಲ್ತವೆ ಅತ್ತೆ" ಎಂದಳು. ಉಳಿದವರೆಲ್ಲ ತಲೆಯಾಡಿಸಿದರು. ನಾನು ಸರಿಯೆಂದೂ ಹೇಳಲಿಲ್ಲ, ತಪ್ಪೆಂದೂ ಹೇಳಲಿಲ್ಲ. ತೇಲಿದ್ದರಲ್ಲಿ ಒಂದು ದೊಡ್ಡ ಹಣ್ಣನ್ನೂ ಮುಳುಗಿದ್ದರಲ್ಲಿ ಕಡಲೆಕಾಳಿಗಿಂತ ತುಸುವೇ ದೊಡ್ಡದಾದ ಒಂದು ಹಣ್ಣನ್ನೂ ಆರಿಸಿ ಅವಳ ಎರಡು ಅಂಗೈಗಳಲ್ಲಿ ಇಟ್ಟೆ. ಅವಳು ಎರಡು ಕೈಗಳನ್ನೂ ಮೇಲೆ ಕೆಳಗೆ ಆಡಿಸಿ ನೋಡಿ ಸುಮ್ಮನಾದಳು. ತೇಲಿದ್ದೇ ಹೆಚ್ಚು ಭಾರವಾಗಿತ್ತು. ಅದನ್ನು ಉಗುರಿನಿಂದ ಸೀಳಿದಾಗ ಎರಡು ಬೀಜಗಳಿರಬೇಕಾದಲ್ಲಿ ಒಂದು ಮಾತ್ರ ತುಂಬಿಕೊಂಡಿದ್ದು ಇನ್ನೊಂದು ಬರೀ ಸಿಪ್ಪೆಯಾಗಿತ್ತು. ಮತ್ತೊಂದು ಹಣ್ಣಿನ ತುದಿಯಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತು, ಒಳಗೆ ಕಾಯಿಕೊರಕ ತಿಂದುಬಿಟ್ಟ ಪುಡಿ. "ಜೊಳ್ಳು" ಎಂದನು ಲೈನಿನ ಹುಡುಗ. ಆ ಒಂದು ಪದದಲ್ಲಿ ಅರ್ಧ ಪಾಠವಿತ್ತು. ಉಳಿದ ಅರ್ಧಕ್ಕೆ ಮುಂದಿನ ನಾಲ್ಕು ಭಾನುವಾರಗಳು ಬೇಕಾದವು.

ನಾನು ಮದುವೆಗೆ ಮುಂಚೆಯೂ ಆಮೇಲೆ ಕೆಲವು ವರ್ಷಗಳೂ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದವಳು. ನಾನು ಪಾಠ ಮಾಡುತ್ತಿದ್ದ ಕಾಲದ ಒಂಬತ್ತನೆಯ ತರಗತಿಯ ಪುಸ್ತಕದಲ್ಲಿ ಈ ವಿಷಯ ಗುರುತ್ವದ ಪಾಠದ ಕೊನೆಯಲ್ಲಿ, 'ಪ್ಲವನತೆ' ಎಂಬ ಹೆಸರಿನಲ್ಲಿ ಬರುತ್ತಿತ್ತು. ಪ್ಲವ ಎಂದರೆ ತೆಪ್ಪ, ದೋಣಿ. 2021ರ ಯುಗಾದಿಗೆ ಆರಂಭವಾದ ಸಂವತ್ಸರದ ಹೆಸರೂ ಅದೇ. ಚೆಂದದ ಪದವೇ ಸರಿ, ಆದರೆ ನೀರಿನಲ್ಲಿ ಕೈ ಅದ್ದುವ ಮೊದಲೇ ಮಕ್ಕಳ ಕಿವಿಗೆ ಬಿದ್ದರೆ ಅದು ಬಾಯಿಪಾಠದ ಪದವಾಗಿ ಉಳಿದುಬಿಡುತ್ತದೆ. ನಾನು ಮಾಡಿದ್ದೂ ಅದನ್ನೇ: ಮೊದಲು ವ್ಯಾಖ್ಯೆ, ಆಮೇಲೆ ಆರ್ಕಿಮಿಡೀಸನ ಸ್ನಾನದ ಕಥೆ, ಕೊನೆಗೆ "ಕಬ್ಬಿಣದ ಮೊಳೆ ಮುಳುಗುತ್ತದೆ, ಹಡಗು ತೇಲುತ್ತದೆ, ಕಾರಣ ಕೊಡಿ" ಎಂಬ ಎರಡು ಅಂಕದ ಪ್ರಶ್ನೆ. ಅಂಕ ಎಲ್ಲರಿಗೂ ಬರುತ್ತಿತ್ತು. ಆದರೆ ಬಾವಿಯ ತಳದಲ್ಲಿ ಬಿದ್ದಿರುವ ಕಲ್ಲನ್ನೂ ನೀರು ಮೇಲಕ್ಕೆ ಎತ್ತುತ್ತಲೇ ಇರುತ್ತದೆ ಎಂದು ನನ್ನ ತರಗತಿಯಲ್ಲಿ ಒಬ್ಬರೂ ಹೇಳಿದ ನೆನಪಿಲ್ಲ. ಹೇಳುವುದಾದರೂ ಹೇಗೆ? ಬಕೆಟ್ಟಿಗೆ ರಬ್ಬರು, ಕಡ್ಡಿ, ನಾಣ್ಯ, ಬಿರಡೆ ಹಾಕಿಸಿ 'ತೇಲುವವು', 'ಮುಳುಗುವವು' ಎಂದು ಎರಡು ಪಟ್ಟಿ ಬರೆಸಿದರೆ, ಮುಳುಗುವ ವಸ್ತುವಿಗೂ ನೀರಿಗೂ ಯಾವ ವ್ಯವಹಾರವೂ ಇಲ್ಲವೆಂದೇ ಮಗು ತಿಳಿಯುತ್ತದೆ. ಈ ಪಟ್ಟಿ ಬರೆಸುವ ಆಟದ ಮೇಲೆ ನನಗೆ ಈಗೀಗ ಸ್ವಲ್ಪ ಕೋಪವೇ ಇದೆ.

ಆದ್ದರಿಂದ ಮೊದಲ ಭಾನುವಾರ ನಾವು ಪುಸ್ತಕ ತೆರೆಯಲಿಲ್ಲ. ಕುಡಿಯುವ ನೀರಿನ 20 ಲೀಟರಿನ ಖಾಲಿ ಕ್ಯಾನಿನ ಮುಚ್ಚಳವನ್ನು ಬಿಗಿಯಾಗಿ ಹಾಕಿ, ತೊಟ್ಟಿಯಲ್ಲಿ ಪೂರ್ತಿ ಮುಳುಗಿಸಿರೆಂದು ಹೇಳಿದೆ. ಖಾಲಿ ಕ್ಯಾನನ್ನು ಒಂದು ಬೆರಳಿನಲ್ಲಿ ಎತ್ತುವ ಹುಡುಗರು ಎರಡೂ ಕೈಗಳನ್ನೂರಿ, ಎದೆಯನ್ನು ಅದರ ಮೇಲೆ ಹಾಕಿ ಒತ್ತಿದರೂ ಅದು ಅರ್ಧಕ್ಕಿಂತ ಕೆಳಗೆ ಹೋಗಲೊಪ್ಪಲಿಲ್ಲ. ಹೋದಷ್ಟೂ ಹೊರಳಿ ಪಕ್ಕದಿಂದ ಚಿಮ್ಮಿ ಹೊರಬಂತು. ಪೂರ್ತಿ ಮುಳುಗಬೇಕಾದರೆ ಅದು 20 ಲೀಟರಿಗೂ ಹೆಚ್ಚು ನೀರನ್ನು ಪಕ್ಕಕ್ಕೆ ಸರಿಸಬೇಕು, ಅಂದರೆ 20 ಕಿಲೋ ಭಾರದಷ್ಟು ಒತ್ತಡ ಬೇಕು. ನಾಲ್ಕನೆಯ ತರಗತಿಯ ಮಗುವಿನ ಮೈತೂಕವೇ ಅದಕ್ಕಿಂತ ಬಹಳ ಹೆಚ್ಚೇನಲ್ಲ. ಇದನ್ನು ನಾನು ಆಗ ಹೇಳಲಿಲ್ಲ. ಎಲ್ಲರೂ ನೆನೆದು ತೊಪ್ಪೆಯಾದ ಮೇಲೆ "ಯಾರು ನಿಮ್ಮನ್ನು ತಳ್ಳಿದ್ದು?" ಎಂದು ಮಾತ್ರ ಕೇಳಿದೆ. "ಕ್ಯಾನು" ಎಂದು ಕೆಲವರು, "ಒಳಗಿನ ಗಾಳಿ" ಎಂದು ಕೆಲವರು ಹೇಳಿದರು. ನೀರು ಎಂದವರು ಇಬ್ಬರೇ.

ಗಾಳಿ ಎಂದವರ ಉತ್ತರವನ್ನು ಅಲ್ಲಗಳೆಯಲು ಗಾಳಿಯೇ ಇಲ್ಲದ ಪಾತ್ರೆ ಬೇಕಾಗಿತ್ತು. ಬಾವಿಯಿಂದ ನೀರು ಸೇದಿದವರಿಗೆಲ್ಲ ಗೊತ್ತಿರುವ ಸಂಗತಿಯೊಂದಿದೆ: ತುಂಬಿದ ಕೊಡಪಾನ ನೀರಿನೊಳಗಿರುವಷ್ಟು ಹೊತ್ತು ಹಗ್ಗ ಸಲೀಸಾಗಿ ಬರುತ್ತದೆ, ಕೊಡಪಾನದ ಕಂಠ ನೀರಿನಿಂದ ಮೇಲೆದ್ದ ಕ್ಷಣದಿಂದ ರಟ್ಟೆಗೆ ಭಾರ ಬೀಳುತ್ತದೆ. ಮಕ್ಕಳ ಗುಂಪನ್ನು ಬಾವಿಕಟ್ಟೆಗೆ ಕರೆದೊಯ್ಯುವ ಧೈರ್ಯ ನನಗಿಲ್ಲವಾದ್ದರಿಂದ ಅಂಗಳದ ದೊಡ್ಡ ಡ್ರಮ್ಮನ್ನೇ ಬಾವಿ ಮಾಡಿಕೊಂಡೆವು. ಒಂದೂವರೆ ಕಿಲೋ ತೂಗುವ, 10 ಲೀಟರ್ ಹಿಡಿಯುವ ಸ್ಟೀಲ್ ಕೊಡಪಾನಕ್ಕೆ ಹಗ್ಗ ಕಟ್ಟಿ, ಹಗ್ಗದ ತುದಿಯನ್ನು ಕುಯ್ಲಿನ ಚೀಲ ತೂಗುವ ಕೊಕ್ಕೆ ತಕ್ಕಡಿಗೆ ಸಿಕ್ಕಿಸಿದೆವು. ನೀರೊಳಗೆ ತುಂಬಿ ಮುಳುಗಿದ್ದಾಗ ತಕ್ಕಡಿ 1.3 ಕಿಲೋ ತೋರಿಸಿತು. ಪೂರ್ತಿ ಹೊರಗೆ ಬಂದಾಗ 11.5. ಹಗ್ಗ ಹಿಡಿದಿದ್ದವಳು ಆರನೆಯ ತರಗತಿಯವಳು. ಕೊಡಪಾನವನ್ನು ಮತ್ತೆ ಒಳಗಿಳಿಸಿ, ಮತ್ತೆ ಎತ್ತಿ, ಮೂರನೆಯ ಸಲ ಅಂಚಿನಲ್ಲಿಯೇ ನಿಲ್ಲಿಸಿಕೊಂಡು ಕೇಳಿದಳು: "ನೀರೊಳಗೆ ನೀರಿಗೆ ಭಾರಾನೇ ಇಲ್ವಾ ಅತ್ತೆ?"

ನಾನು ತರಗತಿಗಳಲ್ಲಿ ಕಳೆದ ವರ್ಷಗಳಲ್ಲಿ ಇಂಥ ಪ್ರಶ್ನೆ ಕೇಳಿಸಿಕೊಂಡಿರಲಿಲ್ಲ. ಕೇಳುವ ಸಂದರ್ಭವನ್ನೇ ನಾನು ಒದಗಿಸಿರಲಿಲ್ಲ ಎನ್ನುವುದು ಹೆಚ್ಚು ಸರಿ. ಅರ್ಧ ಲೀಟರ್ ಹಾಲಿನ ಖಾಲಿ ಕವರೊಂದನ್ನು ತೊಳೆದು, ಅದರಲ್ಲಿ ಗಾಳಿಯ ಒಂದು ಗುಳ್ಳೆಯೂ ಉಳಿಯದಂತೆ ನೀರು ತುಂಬಿ ಗಂಟು ಹಾಕಿದೆವು. ಕೈಯಲ್ಲಿ ಹಿಡಿದರೆ ಅದಕ್ಕೆ ಭಾರವಿದೆ, ಅಡಿಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ 400 ಗ್ರಾಂ ಚಿಲ್ಲರೆ. ಬಕೆಟ್ಟಿನ ನೀರಿನಲ್ಲಿ ಬಿಟ್ಟರೆ ಅದು ತೇಲಲೂ ಇಲ್ಲ, ಮುಳುಗಲೂ ಇಲ್ಲ. ನೀರಿನ ಮಟ್ಟದ ಅಡಿಯಲ್ಲಿ, ಎಲ್ಲಿ ಬಿಟ್ಟರೆ ಅಲ್ಲಿಯೇ ಎಂಬಂತೆ ನಿಧಾನವಾಗಿ ತೂಗಾಡಿಕೊಂಡಿತ್ತು. ಭಾರವಿರುವ ವಸ್ತು ಕೆಳಕ್ಕೆ ಬೀಳುತ್ತಿಲ್ಲವೆಂದರೆ ಯಾರೋ ಅದನ್ನು ಅಷ್ಟೇ ಬಲದಿಂದ ಎತ್ತಿ ಹಿಡಿದಿರಬೇಕು. ಕವರಿನ ಸುತ್ತ ಇರುವುದು ನೀರೊಂದೇ. ಹಾಗಾದರೆ ಕವರಿನಲ್ಲಿರುವ ನೀರಿನ ಭಾರ ಎಲ್ಲಿಗೂ ಹೋಗಿಲ್ಲ, ಅಕ್ಕಪಕ್ಕದ ನೀರು ಅದನ್ನು ಹೊತ್ತಿದೆ ಎಂಬ ಮಾತನ್ನು ಅವರೇ ಹೇಳಿದರು. ಆಮೇಲೆ ನಾನು ಕೇಳಿದೆ: ಈಗ ಯಾರೋ ಮಾಯಗಾರ ಬಂದು, ಸುತ್ತಲಿನ ನೀರಿಗೆ ಗೊತ್ತಾಗದ ಹಾಗೆ ಕವರಿನಲ್ಲಿರುವ ನೀರನ್ನು ತೆಗೆದು ಅದೇ ಆಕಾರದ ಕಲ್ಲನ್ನು ಇಟ್ಟರೆ? ಸುತ್ತಲಿನ ನೀರು ಒಳಗೆ ಏನಿದೆಯೆಂದು ಬಿಚ್ಚಿ ನೋಡುವುದಿಲ್ಲ. ಅದು ಮೊದಲು ಎಷ್ಟು ಎತ್ತುತ್ತಿತ್ತೋ ಈಗಲೂ ಅಷ್ಟೇ ಎತ್ತುತ್ತದೆ. ಕಲ್ಲಿನ ಭಾರ ಅದಕ್ಕಿಂತ ಹೆಚ್ಚಾದ್ದರಿಂದ ಕಲ್ಲು ಇಳಿಯುತ್ತದೆ, ಬೆಂಡಿನ ಭಾರ ಅದಕ್ಕಿಂತ ಕಡಿಮೆಯಾದ್ದರಿಂದ ಬೆಂಡು ಏರುತ್ತದೆ. ಆರ್ಕಿಮಿಡೀಸನ ತತ್ತ್ವದಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇಲ್ಲ, ಮತ್ತು ಇದನ್ನು ತಿಳಿಯಲು ಒಂಬತ್ತನೆಯ ತರಗತಿಯವರೆಗೆ ಕಾಯಬೇಕಾಗಿಯೂ ಇಲ್ಲ.

ಎರಡನೆಯ ಭಾನುವಾರ ಈ ಮಾತನ್ನು ತೂಕ ಹಾಕಿ ನೋಡುವ ಕೆಲಸ. ಅದಕ್ಕೆ ಮುಂಚೆ ಒಂದು ಸಣ್ಣ ಅವಮಾನವೂ ಆಯಿತು. ಸಿಪ್ಪೆಯೊಂದಿಗೆ ತೇಲುವ ಕಿತ್ತಳೆ, ಸಿಪ್ಪೆ ಸುಲಿದು ಹಗುರವಾದ ಮೇಲೆ ಮುಳುಗುತ್ತದೆ ಎಂಬುದು ಹಳೆಯ ಪ್ರಯೋಗ. ತೋಟದಲ್ಲಿ ಕಾಫಿಯ ನಡುವೆ ಬೆಳೆದ ನಾಲ್ಕು ಹಣ್ಣುಗಳನ್ನು ಅದಕ್ಕಾಗಿಯೇ ತೆಗೆದಿಟ್ಟಿದ್ದೆ. ನಮ್ಮ ಕಡೆಯ ಕಿತ್ತಳೆಗೆ ಸಿಪ್ಪೆ ಸಡಿಲ, ತೊಳೆಗಳ ನಡುವೆ ಪೊಳ್ಳು. ಸುಲಿದ ಹಣ್ಣು ಮುಳುಗದೆ ನನ್ನ ಮುಖ ನೋಡುತ್ತ ತೇಲಿಕೊಂಡೇ ಇತ್ತು. ಕೊನೆಗೆ ಏಳನೆಯ ತರಗತಿಯ ಹುಡುಗ ಅದನ್ನು ನೀರೊಳಗೆ ಹಿಡಿದು ಮೆಲ್ಲನೆ ಅದುಮಿದ. ನಡುವಿನಿಂದ ನಾಲ್ಕೈದು ಗುಳ್ಳೆಗಳು ಬುಳುಬುಳು ಎಂದು ಹೊರಬಂದವು, ಹಣ್ಣು ತಳಕ್ಕೆ ಹೋಯಿತು. ನಾನು ಯೋಚಿಸಿಕೊಂಡಿದ್ದ ಪ್ರಯೋಗಕ್ಕಿಂತ ಇದೇ ಚೆನ್ನಾಗಿತ್ತೆಂದು ಈಗ ಅನ್ನಿಸುತ್ತದೆ, ಆ ಹೊತ್ತಿಗೆ ಅನ್ನಿಸಲಿಲ್ಲ.

ಕಲ್ಲಿನ ವಿಷಯಕ್ಕೆ ಬರುತ್ತೇನೆ. ಹಳ್ಳದಿಂದ ತಂದ ಒಂದು ನುಣುಪಾದ ಕಲ್ಲನ್ನು ದಾರದಲ್ಲಿ ಕಟ್ಟಿ ಪ್ರಯೋಗಶಾಲೆಯ ಸಣ್ಣ ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿದೆವು: 240 ಗ್ರಾಂ. ನೀರಿನಲ್ಲಿ, ತಳಕ್ಕೆ ತಾಗದಂತೆ ಇಳಿಬಿಟ್ಟಾಗ 150. ತಳಕ್ಕೆ ತಾಗದಂತೆ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಮೊದಲ ಸಲ ಕಲ್ಲು ಪಾತ್ರೆಯ ತಳದಲ್ಲಿ ಅರ್ಧ ಕೂತುಬಿಟ್ಟು, ಮುಳ್ಳು 60ಕ್ಕೆ ಇಳಿದು, ನೀರಿಗೆ ಇಲ್ಲದ ಬಲವನ್ನೆಲ್ಲ ನಾವು ಅದಕ್ಕೆ ಹೊರಿಸಿದ್ದೆವು. ಸರಿ, 90 ಗ್ರಾಂ ಕಡಿಮೆಯಾಯಿತು. ಕಲ್ಲು ಹೊರಚೆಲ್ಲಿದ ನೀರೂ 90 ಗ್ರಾಂ ಇರಬೇಕು. ತುಳುಕುವಷ್ಟು ತುಂಬಿದ ಚೊಂಬನ್ನು ತಟ್ಟೆಯಲ್ಲಿಟ್ಟು ಕಲ್ಲನ್ನು ಇಳಿಸಿ, ತಟ್ಟೆಗೆ ಬಿದ್ದ ನೀರನ್ನು ತೂಗಿದರೆ 70. ಇನ್ನೊಮ್ಮೆ ಮಾಡಿದರೆ 75. ಚೊಂಬಿನ ಬಾಯಿಯಲ್ಲಿ ನೀರು ಉಬ್ಬಿ ನಿಲ್ಲುತ್ತದೆ, ಹೊರಮೈಗೆ ಅಂಟಿಕೊಂಡು ಇಳಿಯುತ್ತದೆ, ತಟ್ಟೆಯಿಂದ ಬಟ್ಟಲಿಗೆ ಬಗ್ಗಿಸುವಾಗ ಒಂದಷ್ಟು ಉಳಿಯುತ್ತದೆ. ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದ ನಮ್ಮ ಅತ್ತೆಯವರು, "ಆ ಚೊಂಬು ಬಿಟ್ಟು ದೇವರ ಮನೆ ಗಿಂಡಿ ತಗೋಬಾರ್ದೇನೆ" ಎಂದರು. ಗಿಂಡಿಯ ಕೊಕ್ಕಿನಿಂದ ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾದು, ಕೊಕ್ಕಿನಡಿಯಲ್ಲಿ ಒಣ ಲೋಟವಿಟ್ಟು, ಕಲ್ಲನ್ನು ನಿಧಾನವಾಗಿ ಇಳಿಸಿದೆವು. ಲೋಟದಲ್ಲಿ 89 ಗ್ರಾಂ. ಪ್ರಯೋಗಶಾಲೆಗೆ ಕೊಕ್ಕಿರುವ ಪಾತ್ರೆ ಬೇಕೆಂದು ನಾನು ವರ್ಷಗಟ್ಟಲೆ ಬೇಡಿಕೆಪಟ್ಟಿ ಬರೆದಿದ್ದೇನೆ. ಅದು ದಿನವೂ ಬೆಳಿಗ್ಗೆ ನನ್ನ ಕೈಯಲ್ಲೇ ಇತ್ತು.

ರಾಜನ ಚಿನ್ನದ ಕಿರೀಟದಲ್ಲಿ ಬೆಳ್ಳಿ ಬೆರೆತಿದೆಯೇ ಎಂದು ಆರ್ಕಿಮಿಡೀಸ್ ಪತ್ತೆಹಚ್ಚಿದ ಕಥೆಯನ್ನೂ ಆ ದಿನವೇ ಹೇಳಿದೆ, ಆದರೆ ಮೊದಲಿನಂತಲ್ಲ. ಸಿರಾಕ್ಯೂಸಿನ ಆರ್ಕಿಮಿಡೀಸ್ ಕ್ರಿ.ಪೂ. 212ರಲ್ಲಿ ತೀರಿಕೊಂಡವನು, ಅವನು ಸ್ನಾನದ ತೊಟ್ಟಿಯಿಂದ ಎದ್ದು ಓಡಿದನೆಂಬ ಕಥೆ ನಮಗೆ ಸಿಗುವುದು ಸುಮಾರು ಎರಡು ಶತಮಾನಗಳ ಅನಂತರ ಬರೆದ ರೋಮಿನ ವಿಟ್ರೂವಿಯಸ್ ಎಂಬ ವಾಸ್ತುಶಿಲ್ಪಿಯಿಂದ. ಆ ಕಥೆಯಲ್ಲಿ ನೀರು ಮೇಲಕ್ಕೆ ತಳ್ಳುವ ಮಾತೇ ಇಲ್ಲ, ವಸ್ತು ಎಷ್ಟು ಜಾಗ ಹಿಡಿಯುತ್ತದೆಂದು ಅಳೆಯುವ ಉಪಾಯ ಮಾತ್ರ ಇದೆ. ಅದೂ ಹೇಳಿದಷ್ಟು ಸುಲಭವಲ್ಲ. ಒಂದು ಕಿಲೋ ಶುದ್ಧ ಚಿನ್ನ 52 ಮಿಲಿಲೀಟರ್ ನೀರನ್ನು ಸರಿಸುತ್ತದೆ. ಆ ಒಂದು ಕಿಲೋದಲ್ಲಿ 300 ಗ್ರಾಂ ಚಿನ್ನದ ಬದಲು ಬೆಳ್ಳಿಯಿದ್ದರೆ ಸುಮಾರು 65. ಈ 13 ಮಿಲಿಲೀಟರ್ ವ್ಯತ್ಯಾಸ ಒಂದು ಗೇಣಿನಷ್ಟು ಅಗಲದ ಪಾತ್ರೆಯಲ್ಲಿ ನೀರಿನ ಮಟ್ಟವನ್ನು ಅರ್ಧ ಮಿಲಿಮೀಟರಿನಷ್ಟೂ ಏರಿಸುವುದಿಲ್ಲ. ಚೊಂಬಿನಲ್ಲಿ 20 ಗ್ರಾಂ ಕಳೆದುಕೊಂಡ ನಮ್ಮ ಮಕ್ಕಳಿಗೆ ಇದು ತಕ್ಷಣ ಅರ್ಥವಾಯಿತು. 1586ರಲ್ಲಿ, ಇಪ್ಪತ್ತೆರಡರ ಹರೆಯದ ಗೆಲಿಲಿಯೋಗೂ ಇದೇ ಸಂಶಯ ಬಂದು, ಆರ್ಕಿಮಿಡೀಸ್ ನೀರನ್ನು ಅಳೆದಿರಲಾರ, ತಕ್ಕಡಿಯಲ್ಲಿ ತೂಗುಹಾಕಿ ನೀರಿನೊಳಗೆ ತೂಗಿರಬೇಕು ಎಂದು ಬರೆದ. ನಾವು ಹಳ್ಳದ ಕಲ್ಲಿಗೆ ಮಾಡಿದ್ದನ್ನೇ.

ಮೂರನೆಯ ಭಾನುವಾರ ಅಡಿಗೆಮನೆಯ ಕಬ್ಬಿಣದ ಬಾಣಲೆ ತೊಟ್ಟಿಗೆ ಬಂತು. ತೂಕ 1400 ಗ್ರಾಂ. ತೇಲಿತು. ಅದು ಎಲ್ಲಿಯವರೆಗೆ ಇಳಿದಿದೆಯೆಂದು ಹೊರಗೆ ಸೀಮೆಸುಣ್ಣದಿಂದ ಗುರುತು ಹಾಕಿ, ಹೊರತೆಗೆದು, ಒಳಗೆ ಅದೇ ಮಟ್ಟಕ್ಕೆ ನೀರು ತುಂಬಿ ಅಳೆದರೆ 1270 ಮಿಲಿಲೀಟರ್, ಅಂದರೆ 1270 ಗ್ರಾಂ ನೀರು. ಉಳಿದ 130 ಎಲ್ಲಿ ಎಂದು ಹುಡುಕುವುದರಲ್ಲಿ ಕಾಲು ಗಂಟೆ ಕಳೆಯಿತು. ಬಾಣಲೆಯ ಕಬ್ಬಿಣಕ್ಕೂ ದಪ್ಪವಿದೆ, ಆ ದಪ್ಪವೂ ನೀರನ್ನು ಸರಿಸುತ್ತದೆ, ನಾವು ಒಳಗಿನಿಂದ ಅಳೆದು ಅದನ್ನು ಬಿಟ್ಟಿದ್ದೇವೆ ಎಂದು ಕಂಡುಹಿಡಿದವಳು ಕೊಡಪಾನದ ಹುಡುಗಿಯೇ. ತೇಲುವ ವಸ್ತು ತನ್ನ ಭಾರದಷ್ಟೇ ನೀರನ್ನು ಸರಿಸುವವರೆಗೆ ಇಳಿದು ಅಲ್ಲಿ ನಿಲ್ಲುತ್ತದೆ ಎಂಬ ನಿಯಮ ಹೀಗೆ ಬಾಣಲೆಯ ಮೇಲೆಯೇ ಬರೆದುಕೊಂಡಿತು. ಮಧ್ಯಾಹ್ನ ಅದೇ ಬಾಣಲೆಯಲ್ಲಿ ಬೋಂಡಾ ಕರಿಯಬೇಕಾಗಿದ್ದರಿಂದ ಗುರುತು ಹೆಚ್ಚು ಹೊತ್ತು ಉಳಿಯಲಿಲ್ಲ.

ಆಮೇಲೆ ಎಲ್ಲರಿಗೂ 150 ಗ್ರಾಂ ಜೇಡಿಮಣ್ಣು ತೂಗಿಕೊಟ್ಟು ದೋಣಿ ಮಾಡಿಸಿ, ಹುಣಸೆಬೀಜ ಹೇರುವ ಪಂದ್ಯ. ಉಂಡೆಯಾಗಿದ್ದಾಗ ತಳ ಸೇರುವ ಮಣ್ಣು ಬಟ್ಟಲಾದಾಗ ತೇಲುತ್ತದೆ; ಅಗಲ ತಳದ, ತೆಳು ಗೋಡೆಯ ದೋಣಿ 61 ಬೀಜ ಹೊತ್ತು ಗೆದ್ದಿತು. ಎತ್ತರದ ಗೋಡೆಯ ಚೂಪು ದೋಣಿಗಳು ಭಾರ ತಾಳುವ ಮುಂಚೆಯೇ ಮಗುಚಿಕೊಂಡವು. ಹೇಮಾವತಿಯಲ್ಲಿ ಹರಿಗೋಲು ನೋಡಿದ್ದವನೊಬ್ಬ ಅದು ಬುಟ್ಟಿಯ ಹಾಗೆ ಯಾಕಿದೆಯೆಂದು ತನಗೀಗ ಗೊತ್ತಾಯಿತೆಂದ. ಮಗುಚುವುದು ಬೇರೆಯೇ ಪಾಠ. ಅದನ್ನು ಅಲ್ಲಿಗೇ ಬಿಟ್ಟೆ.

ಇಷ್ಟರವರೆಗೆ ನಾವು ಬದಲಾಯಿಸಿದ್ದು ವಸ್ತುವನ್ನು. ನಾಲ್ಕನೆಯ ವಾರ ನೀರನ್ನೇ ಬದಲಾಯಿಸಿದೆವು. ನನ್ನ ತವರು ಹಾಸನದ ಕಡೆ. ಅಲ್ಲಿಂದ ಬಂದ ಆಲೂಗಡ್ಡೆಯ ಮೂಟೆ ಮನೆಯಲ್ಲಿತ್ತು. ಅರ್ಧ ಲೀಟರ್ ನೀರಿನ ಗಾಜಿನ ಪಾತ್ರೆಯಲ್ಲಿ ಸಣ್ಣ ಆಲೂಗಡ್ಡೆಯೊಂದು ಮುಳುಗಿ ಕೂತಿತ್ತು. ಉಪ್ಪನ್ನು ಚಮಚ ಚಮಚವಾಗಿ ಕರಗಿಸುತ್ತ ಹೋದಂತೆ ಸುಮಾರು 60 ಗ್ರಾಂ ದಾಟುವ ಹೊತ್ತಿಗೆ ಅದು ತಳ ಬಿಟ್ಟು ಅನುಮಾನಿಸುತ್ತ ಎದ್ದಿತು. ಅದರ ಮೇಲೆ ಸಿಹಿನೀರನ್ನು ಚಮಚದ ಬೆನ್ನಿನ ಮೇಲಿಂದ ಕದಡದಂತೆ ಬಿಟ್ಟರೆ ಆಲೂಗಡ್ಡೆ ಪಾತ್ರೆಯ ನಡುವಿನಲ್ಲಿ, ಉಪ್ಪುನೀರಿನ ಮೇಲೆ, ಸಿಹಿನೀರಿನ ಕೆಳಗೆ, ಯಾವ ದಾರವೂ ಇಲ್ಲದೆ ನಿಂತುಬಿಡುತ್ತದೆ. ಮಕ್ಕಳು ಅದನ್ನು ನೋಡಲು ಮನೆಯವರನ್ನೆಲ್ಲ ಕರೆತಂದರು. ಒಂದು ಲೀಟರ್ ಸಿಹಿನೀರಿಗಿಂತ ಒಂದು ಲೀಟರ್ ಉಪ್ಪುನೀರು ಭಾರ, ಆದ್ದರಿಂದ ಅದೇ ಆಲೂಗಡ್ಡೆ ಸರಿಸಿದ ನೀರಿನ ಭಾರವೂ ಹೆಚ್ಚು, ಎತ್ತುವ ಬಲವೂ ಹೆಚ್ಚು ಎಂಬುದನ್ನು ಈ ಹೊತ್ತಿಗೆ ನಾನು ವಿವರಿಸಬೇಕಾಗಿರಲಿಲ್ಲ. 'ಸಾಂದ್ರತೆ' ಎಂಬ ಪದವನ್ನು ಆ ದಿನ ಮೊದಲ ಬಾರಿಗೆ ಹೇಳಿದೆ. 'ಗಾತ್ರ'ವೆಂಬ ಪದ ಮಾತ್ರ ತೊಡಕೇ. ಮನೆಮಾತಿನಲ್ಲಿ ಅದು ದೊಡ್ಡದು ಚಿಕ್ಕದೆಂಬ ಅರ್ಥದ್ದು, ಪುಸ್ತಕದಲ್ಲಿ ಹಿಡಿಯುವ ಜಾಗದ ಅಳತೆ. ನಾನು 'ಹಿಡಿಯುವ ಜಾಗ' ಎಂದೇ ಮುಂದುವರಿಸಿದೆ.

ನನ್ನ ಅಪ್ಪ ಬಿತ್ತನೆ ಭತ್ತವನ್ನು ಹೀಗೆಯೇ ಆರಿಸುತ್ತಿದ್ದರು: ಉಪ್ಪುನೀರು ಮಾಡಿ, ಅದರಲ್ಲಿ ಭತ್ತ ಸುರಿದು ಕೈಯಾಡಿಸಿ, ತೇಲಿದ ಜೊಳ್ಳನ್ನು ಬಾಚಿ ಚೆಲ್ಲಿ, ತಳದಲ್ಲಿ ನಿಂತ ಗಟ್ಟಿ ಕಾಳನ್ನು ಮೊಳಕೆ ಕೆಡದಂತೆ ಎರಡು ಮೂರು ಸಲ ಸಿಹಿನೀರಿನಲ್ಲಿ ತೊಳೆದು ಸಸಿಮಡಿಗೆ ಒಯ್ಯುತ್ತಿದ್ದರು. ಸಿಹಿನೀರಿನಲ್ಲಿ ಮುಳುಗುವ ಅರೆಜೊಳ್ಳೂ ಉಪ್ಪುನೀರಿನಲ್ಲಿ ಸಿಕ್ಕಿಬೀಳುತ್ತದೆ. ಅಲ್ಲಿಗೆ ಲೈನಿನ ಹುಡುಗ ಮೊದಲ ದಿನ ಹೇಳಿದ ಪದಕ್ಕೆ ತಿರುಗಿ ಬಂದಂತಾಯಿತು.

ಮುಗಿಯಿತೆಂದುಕೊಂಡಿದ್ದೆ. ಪಾತ್ರೆಗಳನ್ನು ಒಳಗೆ ಇಡುತ್ತಿರುವಾಗ ಮೊದಲ ದಿನದ ಆ ನಾಲ್ಕನೆಯ ತರಗತಿಯವಳು ಬಂದು, "ಅತ್ತೆ, ಕಲ್ಲಿನ 90 ಗ್ರಾಂ ಭಾರಾನ ನೀರು ಹೊತ್ಕೊಳ್ತಲ್ಲ, ನೀರನ್ನ ಯಾರು ಹೊತ್ಕೊಂಡ್ರು?" ಎಂದಳು. ಅಡಿಗೆಮನೆಯ ತಕ್ಕಡಿಯನ್ನು ಮತ್ತೆ ಹೊರಗೆ ತಂದು, ಅದರ ಮೇಲೆ ನೀರಿನ ಬೋಗುಣಿ ಇಟ್ಟು, ಸೊನ್ನೆಗೆ ತಂದು, ದಾರ ಕಟ್ಟಿದ ಕಲ್ಲನ್ನು ತಳಕ್ಕೂ ಅಂಚಿಗೂ ತಾಗದಂತೆ ನೀರಿಗೆ ಇಳಿಬಿಡಲು ಅವಳ ಕೈಗೇ ಕೊಟ್ಟೆ. ತಕ್ಕಡಿ 90 ಎಂದಿತು. ಕಲ್ಲನ್ನು ಮೇಲಕ್ಕೆತ್ತಿದಳು, ಸೊನ್ನೆ. ಇಳಿಸಿದಳು, 90. ಆಮೇಲೆ ಕಲ್ಲನ್ನು ಪಕ್ಕಕ್ಕಿಟ್ಟು, ಯಾರನ್ನೂ ಕೇಳದೆ, ತನ್ನ ಮುಷ್ಟಿಯನ್ನು ಮಣಿಕಟ್ಟಿನವರೆಗೆ ಅದ್ದಿದಳು. 138. ಉಳಿದ ಎಂಟು ಮಂದಿಯೂ ತೋಳು ಮಡಚಿಕೊಂಡು ಸಾಲಿನಲ್ಲಿ ನಿಂತರು.